ಮುಂಬಾಗಿಲಿನ ಷರತ್ತು

ವಕೀಲರಿಗೆ ನಿವೃತ್ತಿ ಕೊಡುವುದು ಸರ್ಕಾರವಲ್ಲ, ಮಂಡಿನೋವು. ಕೋರ್ಟಿನ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ನಮ್ಮ ಲಾಯರಮ್ಮ ತಾವಾಗಿಯೇ ಕರಿ ಕೋಟು ಮಡಿಸಿಟ್ಟರು. ಮೊನ್ನೆ ಶ್ರೀರಂಗಪಟ್ಟಣದಲ್ಲಿ ಕಿರಿಯ ವಕೀಲರೆಲ್ಲ ಸೇರಿ ಅವರಿಗೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಗಾಜು ಹಾಕಿಸಿದ ಅಭಿನಂದನಾ ಪತ್ರವೊಂದನ್ನು ಕೈಗಿತ್ತರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಅವರು ಕನ್ನಡಕ ಏರಿಸಿಕೊಂಡು ಓದತೊಡಗಿದರು. 'ಸೌಹಾರ್ದತೆಯ ಹರಿಕಾರರೂ, ನೊಂದವರ ಕಣ್ಣೀರು ಒರೆಸಿದ ಮಹಾತಾಯಿಯೂ ಆದ' ಎಂಬಲ್ಲಿಗೆ ಬರುತ್ತಲೇ ಅವರ ಬಲಗೈ ತಾನಾಗಿ ಬ್ಯಾಗಿನೊಳಕ್ಕೆ ಹೋಗಿ ಕೆಂಪು ಪೆನ್ಸಿಲ್ಲನ್ನು ತಡಕಾಡಿತು.

"ಗಾಜು ಆಕ್ಬುಟ್ಟವ್ರೆ ಕಣಪ್ಪ ಪೇಟೆ, ಒಡೆಯಂಗಿಲ್ಲ," ಎಂದು ನನ್ನ ಕಿವಿಯಲ್ಲಿ ಗೊಣಗಿದರು. "ನಾನು ಯಾರ್ ಕಣ್ಣೀರು ಒರ್ಸಿವ್ನಿ? ಒಬ್ಬರ್ನ ತೋರ್ಸು ನೋಡಾನ."

ಪೇಟೆ ಅಂದರೆ ನಾನು, ಕೆ.ಆರ್.ಪೇಟೆಯ ವಕೀಲ. ಅವರು ಯಾವ ವಕೀಲನನ್ನೂ ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದೇ ಕರೆಯುತ್ತಿದ್ದರು. ಎದುರಿಗೆ ನಿಂತವರು ಎಷ್ಟೇ ದೊಡ್ಡ ಲಾಯರಾಗಲಿ, "ಏನಪ್ಪ ನಾಗಮಂಗಲ, ಇವತ್ತಾದ್ರೂ ಓದ್ಕಂಡು ಬಂದಿದ್ದೀಯಾ?" ಅಷ್ಟೇ. ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆಯಲೇ ಎಂದು ಕೇಳಿದ್ದೆ. "ಬರಿ, ಬರ್ದು ತಂದು ಕೊಡು, ತಿದ್ದುತೀನಿ," ಅಂದರು. ಆ ಪೆನ್ಸಿಲ್ಲಿನ ಕೆಳಗೆ ಕೂರುವ ಧೈರ್ಯ ಈ ವಯಸ್ಸಿನಲ್ಲಿ ನನಗಿಲ್ಲ.

ನಾನು ಅವರ ಶಿಷ್ಯನಲ್ಲ, ನೆಂಟನೂ ಅಲ್ಲ. ಬದುಕಿನುದ್ದಕ್ಕೂ ಅವರ ಎದುರು ಪಾರ್ಟಿಯ ವಕೀಲ. ಶಿಷ್ಯರು ಹೊಗಳಿದರೆ ಅದರಲ್ಲಿ ಭಕ್ತಿ ಇರುತ್ತದೆ. ನನ್ನದು ಹಾಗಲ್ಲ ಸ್ವಾಮಿ. ಅವರಿಂದ ಏಟು ತಿಂದು, ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗಿ, ಊಟ ಬಿಟ್ಟು ಮಲಗಿ, ಬೆಳಿಗ್ಗೆ ಎದ್ದು 'ಅಬ್ಬಾ, ಎಂಥಾ ಹೆಂಗಸಪ್ಪ ಇದು!' ಅಂದುಕೊಂಡವನ ಮಾತು ಇದು.

ಅವರು ವಾದ ಮಾಡಿ ಗೆದ್ದ ಕೇಸುಗಳೂ ಇದ್ದವು. ಆದರೆ ಸುತ್ತಿನ ತಾಲ್ಲೂಕುಗಳ ಜನ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದದ್ದು ರಾಜಿಗೆ. ವರ್ಷಗಟ್ಟಲೆ ಹೊಡೆದಾಡಿ ಸುಸ್ತಾದವರು, ಕೊನೆಗೆ ಕೂತು ಮಾತಾಡಿ ಒಪ್ಪಂದಕ್ಕೆ ಬಂದವರು, ಆ ಒಪ್ಪಂದವನ್ನು ಕಾಗದಕ್ಕಿಳಿಸಲು ಅವರ ಬಳಿ ಹೋಗುತ್ತಿದ್ದರು. ನಾವೆಲ್ಲ ರಾಜಿ ಅರ್ಜಿ ಅಂದರೆ ಕೇಸು ಮುಗಿಯಿತು ಎಂದು ಅರ್ಧ ಗಂಟೆಯಲ್ಲಿ ಟೈಪು ಮಾಡಿಸಿ ಬಿಸಾಕುವವರು. ಅವರಿಗೆ ಕೇಸು ಶುರುವಾಗುತ್ತಿದ್ದದ್ದೇ ಅಲ್ಲಿಂದ.

"ರಾಜಿ ಅನ್ನೋದು ನಗ್ತಾ ಬರಿಯೋ ಕಾಗ್ದ ಕಣಪ್ಪ, ಸಿಟ್ಟಲ್ಲಿ ಓದೋ ಕಾಗ್ದ," ಅನ್ನುತ್ತಿದ್ದರು. "ನಗ್ತಾ ಇರೋನ್ಗೆ ಕಾಗ್ದ ಯಾಕ್ ಬೇಕು? ಸಿಟ್ಟಲ್ಲಿರೋನ್ ಕೈಗೆ ಸಿಕ್ದಾಗ್ಲೂ ಅದು ಒಂದೇ ಮಾತು ಯೋಳ್ಬೇಕು. ಅಂಗ್ ಬರೀರಿ."

ಅದಕ್ಕೇ ಕೆಲವು ಪದಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. 'ಪರಸ್ಪರ ಹೊಂದಾಣಿಕೆಯಿಂದ' ಎಂದು ಬರೆದರೆ ಕೆಂಪು ಗೆರೆ. 'ಸೌಹಾರ್ದಯುತವಾಗಿ' ಎಂದರೆ ಎರಡು ಗೆರೆ. ನಾನೊಮ್ಮೆ ನಾಲೆ ನೀರಿನ ರಾಜಿಯೊಂದರಲ್ಲಿ 'ಕಾಲಕಾಲಕ್ಕೆ ತೂಬು ತೆಗೆಯತಕ್ಕದ್ದು' ಎಂದು ಬರೆದು ತೋರಿಸಿದೆ. ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಕಾಲಕಾಲಕ್ಕೆ ಅಂದ್ರೆ ಯಾವಾಗಪ್ಪ? ನಾಟಿ ಕಾಲ್ಕಾ, ಕಳೆ ಕೀಳೋ ಕಾಲ್ಕಾ, ಇಲ್ಲ ಇಬ್ರೂ ಸತ್ತೋದ್ ಕಾಲ್ಕಾ?"

ನಾಗಮಂಗಲದ ಕಡೆಯ ಒಂದು ಬೋರ್‌ವೆಲ್ ಜಗಳ ನೆನಪಿಗೆ ಬರುತ್ತದೆ. ಅಕ್ಕಪಕ್ಕದ ಹೊಲದವರಿಬ್ಬರಿಗೆ ಒಂದೇ ಬೋರು. ಯಾರೋ ವಕೀಲರು 'ದಿನ ಬಿಟ್ಟು ದಿನ ನೀರು ಹಾಯಿಸಿಕೊಳ್ಳತಕ್ಕದ್ದು' ಎಂದು ರಾಜಿ ಬರೆಸಿದ್ದರು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ನಮ್ಮ ಕಡೆ ಮೋಟಾರು ಓಡಿಸುವ ತ್ರೀಫೇಸ್ ಕರೆಂಟು ಕ್ಯಾಲೆಂಡರು ನೋಡಿಕೊಂಡು ಬರುತ್ತದೆಯೇ? ಒಬ್ಬನ ದಿನ ಕರೆಂಟೇ ಇರುತ್ತಿರಲಿಲ್ಲ, ಇನ್ನೊಬ್ಬನ ದಿನ ಹೊಲವೆಲ್ಲ ಕೆರೆ. ಇಬ್ಬರೂ ಮಚ್ಚು ಹಿಡಿಯುವ ಹಂತಕ್ಕೆ ಬಂದಾಗ ಇವರ ಬಳಿ ಹೋದರು. ಇವರು ಬಸ್ಸು ಹತ್ತಿ ಆ ಹೊಲಕ್ಕೇ ಹೋದರು. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದು, ಬೋರಿನ ಪಕ್ಕ ಕೂತು, ಕರೆಂಟು ಬರುವ ತನಕ ಕಾದು, ಬಂದ ಮೇಲೆ ಬರೆದದ್ದು ಇಷ್ಟೇ: ದಿನದ ಸರದಿಯಲ್ಲ, ಕರೆಂಟಿನ ಸರದಿ. ಒಮ್ಮೆ ಬಂದ ಕರೆಂಟು ಒಬ್ಬನದು, ಮುಂದಿನ ಸಲ ಬಂದದ್ದು ಇನ್ನೊಬ್ಬನದು. ಆ ಬೋರಿನ ಕೇಸು ಮತ್ತೆ ಕೋರ್ಟಿಗೆ ಬರಲಿಲ್ಲ.

ಜಾಗ ನೋಡದೆ ಒಂದಕ್ಷರ ಬರೆಯುತ್ತಿರಲಿಲ್ಲ. ಬರೆದ ಮೇಲೂ ಸಹಿ ಹಾಕಿಸುವ ಮುಂಚೆ ಅವರದೊಂದು ಪದ್ಧತಿ ಇತ್ತು. ನಾವೆಲ್ಲ ಪಾರ್ಟಿಗಳನ್ನು ಕೂರಿಸಿಕೊಂಡು 'ಇದರಂತೆ ನಡೆದುಕೊಳ್ತೀರಾ?' ಎಂದು ಕೇಳುತ್ತೇವೆ. ಎಲ್ಲರೂ ಹೂಂ ಅನ್ನುತ್ತಾರೆ. ದೇವರಾಣೆ, ತಾಯಾಣೆ ಎಲ್ಲ ಆಗುತ್ತದೆ. ಅವರು ಕೇಳುತ್ತಿದ್ದದ್ದೇ ಬೇರೆ.

"ನೀನು ಇದ್ನ ಮುರೀಬೇಕು ಅಂದ್ರೆ ಎಂಗ್ ಮುರೀತೀಯಪ್ಪ?"

ಮೊದಲ ಸಲ ಕೇಳಿದಾಗ ನಾನು ಬೆಚ್ಚಿಬಿದ್ದೆ. ಇದೇನು, ಮದುವೆ ಮಂಟಪದಲ್ಲಿ ವಿಚ್ಛೇದನದ ಸೋಡಚೀಟಿ ಮಾತು! ಆದರೆ ಕೇಳಿಸಿಕೊಂಡವರ ಮುಖ ನೋಡಬೇಕಿತ್ತು ನೀವು. 'ನಡೆದುಕೊಳ್ತೀಯಾ' ಅಂದಾಗ ನೆಲ ನೋಡುತ್ತಿದ್ದವರು 'ಎಂಗ್ ಮುರೀತೀಯ' ಅಂದ ಕೂಡಲೇ ಮೀಸೆ ಸವರಿಕೊಂಡು ಕೂರುತ್ತಿದ್ದರು. ತಮ್ಮ ಬುದ್ಧಿವಂತಿಕೆ ತೋರಿಸಲು ಇಂಥ ಅವಕಾಶ ಮತ್ತೆ ಸಿಗುವುದುಂಟೇ? 'ಅಷ್ಟೇಯಾ ಲಾಯರಮ್ಮ, ಇಂಗ್ ಮಾಡ್ಬುಟ್ರೆ ಆಯ್ತಪ್ಪ' ಎಂದು ತಮ್ಮ ತಂತ್ರವೆಲ್ಲ ಬಾಯಿಬಿಡುತ್ತಿದ್ದರು. ಇವರು ತಲೆಯಾಡಿಸುತ್ತಾ, "ಭೇಷ್ ಕಣ್ಲಾ," ಎಂದು ನಗುತ್ತಾ, ಆ ತಂತ್ರವನ್ನು ಮುಚ್ಚುವ ಷರತ್ತನ್ನು ಅಲ್ಲೇ ಬರೆದು ಹಾಕುತ್ತಿದ್ದರು.

ಇದೆಲ್ಲದರ ಪೂರ್ತಿ ಅರ್ಥ ನನಗಾದದ್ದು ಒಂದೇ ಒಂದು ಕೇಸಿನಲ್ಲಿ. ಅದನ್ನೇ ಹೇಳಿಬಿಡುತ್ತೇನೆ.

ಅಕ್ಕ ತಮ್ಮನ ಕೇಸು. ತಮ್ಮ ಕಿಕ್ಕೇರಿ ಹತ್ತಿರದ ಹಳ್ಳಿಯವನು, ಎಮ್ಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ರೈತ, ನನ್ನ ಕಕ್ಷಿದಾರ. ಅಕ್ಕನನ್ನು ಪಾಲಹಳ್ಳಿಗೆ ಕೊಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಆಕೆ ಭಾಗ ಕೇಳಿ ದಾವಾ ಹಾಕಿದರು. ಆಕೆಯ ವಕೀಲರು ನಮ್ಮ ಲಾಯರಮ್ಮ. ಜಮೀನಿನ ವಿಷಯ ಬೇಗನೆ ಬಗೆಹರಿಯಿತು, ಒಂದು ತುಂಡು ಗದ್ದೆ ಅಕ್ಕನ ಹೆಸರಿಗೆ ಬಂತು. ಗಂಟು ಬಿದ್ದದ್ದು ಮನೆಯೊಳಗಿನ ಒಂದು ಕೋಣೆಗೆ. ತಾಯಿ ಕೊನೆಯ ದಿನಗಳಲ್ಲಿ ಮಲಗಿದ್ದ ಕೋಣೆ ಅದು, ಆಕೆಯ ಸೇವೆಯನ್ನು ಈ ಮಗಳೇ ಬಂದು ಅಲ್ಲಿದ್ದು ಮಾಡಿದ್ದರು. ತಾನು ಬದುಕಿರುವ ತನಕ ಆ ಕೋಣೆ ತನಗಿರಬೇಕು, ಹಬ್ಬಕ್ಕೆ ಹುಣ್ಣಿಮೆಗೆ ತವರಿಗೆ ಬಂದರೆ ತಲೆ ಇಡಲು ಒಂದು ಜಾಗ ಬೇಕು ಎಂದು ಆಕೆಯ ಹಟ.

ನಮ್ಮವನೂ ಕೊನೆಗೆ ಒಪ್ಪಿದ. ನನ್ನ ಆಫೀಸಿನಲ್ಲೇ ಎಲ್ಲರೂ ಕೂತೆವು. ಆಗ ಅಕ್ಕ ಒಂದು ಮಾತು ತೆಗೆದರು.

"ಅವ್ವಾ, ಇನ್ನೊಂದು ಬರೀರಿ. ಪ್ರತಿ ವರ್ಸ ಗೌರಿ ಹಬ್ಬುಕ್ಕೆ ಅವ್ನೇ ಬಂದು ನನ್ನ ಕರೀಬೇಕು. ಬಾರಕ್ಕ ಅನ್ಬೇಕು."

ಇವರು ಪೆನ್ನು ಕೆಳಗಿಟ್ಟರು. "ಅದ್ನ ಬರ್ಯಕಾಗಕಿಲ್ಲ ಕಣವ್ವ."

"ಯಾಕೆ? ಎಲ್ಲಾನೂ ಬರ್ದಿದ್ದೀರಿ."

"ಕೋರ್ಟು ಬಾಗ್ಲು ತೆಗೆಸ್ತದೆ. ಬಾ ಅನ್ನಿಸಕಾಗಕಿಲ್ಲ."

ಆ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದರು. ತಮ್ಮ ಗೋಡೆ ನೋಡುತ್ತಾ ಕೂತಿದ್ದ. ದಾವಾ ನೋಟೀಸು ಬಂದ ದಿನದಿಂದ ಅವನು ಆಕೆಯನ್ನು ಅಕ್ಕ ಅಂದಿರಲಿಲ್ಲ, 'ವಾದಿ' ಅನ್ನುತ್ತಿದ್ದ. ಇವರು ಸಮಾಧಾನ ಹೇಳಲಿಲ್ಲ, ಕಣ್ಣೊರೆಸಲಿಲ್ಲ. "ಅತ್ಕಳವ್ವ, ಪೂರ್ತಿ ಅತ್ಕ. ಆಮೇಲೆ ಸೈನ್ ಆಕು," ಎಂದು ಕಾದು ಕೂತರು. ಎಂಥಾ ಕಲ್ಲುಮನಸ್ಸು ಅಂದುಕೊಂಡೆ ನಾನು.

ಆಮೇಲೆ ದಾರಿಯ ವಿಷಯ ಬಂತು. ನಮ್ಮವನು ಜಾಣ. ಆ ಕೋಣೆಯ ಒಂದು ಗೋಡೆ ಪಕ್ಕದ ಓಣಿಗೆ ಸೇರಿತ್ತು. "ಓಣಿ ಕಡೆ ಒಂದು ಬಾಗ್ಲು ಮಡುಗ್ಸಿ ಕೊಡ್ತೀನಿ, ನನ್ ಖರ್ಚಲ್ಲೇ. ಅವ್ರು ಅವ್ರ್ ಪಾಡ್ಗೆ ಬರ್ಲಿ, ಅವ್ರ್ ಪಾಡ್ಗೆ ಓಗ್ಲಿ," ಅಂದ. ನನಗೆ ಒಳ್ಳೆಯ ಸಲಹೆ ಎನಿಸಿತು. ಇಬ್ಬರೂ ಮುಖ ನೋಡುವ ಹಾಗಿಲ್ಲ, ಜಗಳಕ್ಕೆ ಆಸ್ಪದವಿಲ್ಲ.

"ಊಂಹೂಂ," ಅಂದರು ಇವರು. "ಮುಂಬಾಗಿಲಿಂದ."

"ಮೇಡಂ, ಓಣಿ ಬಾಗಿಲಿದ್ದರೆ ನಿಮ್ಮ ಕಕ್ಷಿದಾರರಿಗೇ ಅನುಕೂಲ ಅಲ್ವಾ?" ಅಂದೆ.

"ನನ್ ಕಕ್ಷಿದಾರರ ಅನುಕೂಲ ನಾನ್ ನೋಡ್ಕತೀನಿ, ನೀ ಕಾಫಿ ತರಿಸಪ್ಪ ಪೇಟೆ."

ಕಾಫಿ ಬಂತು. ಅವರು ತಮ್ಮನ ಕಡೆ ತಿರುಗಿ ತಮ್ಮ ಮಾಮೂಲಿ ಪ್ರಶ್ನೆ ಕೇಳಿದರು. "ಈಗ್ ಯೋಳು. ನೀನು ಇದ್ನ ಮುರೀಬೇಕು ಅಂದ್ರೆ ಎಂಗ್ ಮುರೀತೀಯ?"

ಅವನು ನಕ್ಕ. "ಬೀಗ ಆಕುದ್ರೆ ನೀವು ಕೋರ್ಟ್ ಅಮೀನ್ರ ಕರ್ಕಂಡ್ ಬಂದ್ಬುಡ್ತೀರಿ. ಅದ್ಕೆ ಬೀಗ ಆಕಕಿಲ್ಲ. ಓಣಿ ಕಡೆ ಬಾಗ್ಲು ಮಡುಗಿ, ಒಳ್ಗಡೆ ಬಾಗ್ಲುಗೆ ಗೋಡೆ ಕಟ್ಬುಡ್ತೀನಿ. ಕೋಣೆ ಕೊಟ್ಟಿವ್ನಿ, ಬಾಗ್ಲು ಕೊಟ್ಟಿವ್ನಿ, ಇನ್ನೇನ್ ತಗಾದೆ?"

"ಭೇಷ್ ಕಣ್ಲಾ," ಎಂದು ಅವರು ಬರೆದರು. ಆ ಷರತ್ತು ನನಗೆ ಈಗಲೂ ಬಾಯಿಪಾಠ: 'ವಾದಿಯು ಸದರಿ ಕೋಣೆಗೆ ಮನೆಯ ಮುಂಬಾಗಿಲಿನಿಂದ, ತೊಟ್ಟಿಯಂಗಳದ ಮೂಲಕ ಹೋಗಿ ಬರತಕ್ಕದ್ದು. ಬೇರೆ ಬಾಗಿಲು ಇಟ್ಟುಕೊಟ್ಟ ಮಾತ್ರಕ್ಕೆ ಈ ದಾರಿಯನ್ನು ಮುಚ್ಚತಕ್ಕದ್ದಲ್ಲ. ಮುಚ್ಚಿದಲ್ಲಿ, ಮುಚ್ಚಿದ ಪ್ರತಿವಾದಿಯೇ ಅಮೀನರ ಸಮಕ್ಷಮ ತನ್ನ ಕೈಯಾರೆ ತೆಗೆಯತಕ್ಕದ್ದು. ಒಲ್ಲೆನೆಂದಲ್ಲಿ ಹಾಗೆಂದು ಬರೆದುಕೊಟ್ಟ ನಂತರ ಮಾತ್ರ ಅಮೀನರು ತೆಗೆಸತಕ್ಕದ್ದು.'

"ಕೈಯಾರೆ ಯಾಕೆ ಮೇಡಂ? ಕೂಲಿಯವರು ಇರಲ್ವಾ?" ಎಂದು ನಾನು ನಕ್ಕೆ.

"ಇರ್ಲಿ ಬುಡು. ಇದ್ರೆ ನಿಂಗೇನ್ ಭಾರವಾ?"

ಇಬ್ಬರೂ ಸಹಿ ಹಾಕಿದರು, ಕೋರ್ಟು ಡಿಕ್ರಿ ಮಾಡಿತು. ಮೊದಲೆರಡು ಗೌರಿ ಹಬ್ಬ ಆಕೆ ಬಂದರು. ಮುಂಬಾಗಿಲಿನಿಂದ ಒಳಗೆ ಬಂದು, ತೊಟ್ಟಿ ದಾಟಿ, ಕೋಣೆ ಸೇರಿ, ತಾವೇ ಪೂಜೆ ಮಾಡಿಕೊಂಡು ಹೋದರು. ಯಾರೂ ಮಾತಾಡಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಕೆಟ್ಟದ್ದು ಆಮೇಲೆ. ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ತೊಟ್ಟಿಯಲ್ಲಿ ಕೂತಿದ್ದಾಗ ಅಕ್ಕ ಚೀಲ ಹಿಡಿದು ಒಳಗೆ ಬಂದು, ಮಾತಿಲ್ಲದೆ ಅವರ ಮಧ್ಯೆ ಹಾದು ಕೋಣೆಗೆ ಹೋದರು. ಯಾರಿದು ಎಂದು ಬೀಗರು ಕೇಳಿದರು. ಇವನು, "ಅವ್ರು... ಕೋರ್ಟ್ನೋರು," ಅಂದುಬಿಟ್ಟ. ಕೋಣೆಯೊಳಗಿದ್ದ ಆಕೆಯ ಕಿವಿಗೆ ಅದು ಬಿತ್ತು. ಬೀಗರು ಹೋದ ಮೇಲೆ ನಡೆದ ಜಗಳಕ್ಕೆ ಊರೇ ಬಾಗಿಲಿಗೆ ಬಂತಂತೆ. ಆಕೆ ಪಾಲಹಳ್ಳಿಗೆ ಹೋದ ವಾರದಲ್ಲೇ ಓಣಿ ಕಡೆ ಹೊಸ ಬಾಗಿಲು ಬಂತು, ಒಳಬಾಗಿಲಿಗೆ ಇಟ್ಟಿಗೆ ಗೋಡೆ ಎದ್ದಿತು. ತಾನೇ ಹೇಳಿದ್ದ ಮಾತನ್ನು ಅವನು ಅಕ್ಷರಶಃ ಮಾಡಿ ತೋರಿಸಿದ್ದ.

ಇವರು ಅಮಲ್ಜಾರಿ ಅರ್ಜಿ ಹಾಕಿದರು, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು. ನಾನು ತಮ್ಮನ ಪರ ನಿಂತು ಗಂಟಲು ಹರಿದುಕೊಂಡೆ. ಕೋಣೆ ಇದೆ, ಬಾಗಿಲಿದೆ, ಅದೂ ಹೊಸದು, ಬೀಗದ ಕೈ ಅವರ ಹತ್ತಿರವೇ ಇದೆ, ಯಾವ ತೊಂದರೆಯಾಗಿದೆ ಸ್ವಾಮಿ ಎಂದೆ. ಇವರು ಎದ್ದು ನಿಂತು ಡಿಕ್ರಿಯ ಪ್ರತಿ ಕೊಟ್ಟು ಕೂತುಬಿಟ್ಟರು. ನ್ಯಾಯಾಧೀಶರು ಆ ಷರತ್ತು ಓದಿ, ಮತ್ತೊಮ್ಮೆ ಓದಿ, "ಇವರು ಹೀಗೇ ಮಾಡ್ತಾರೆ ಅಂತ ಆಗಲೇ ಬರೆದಿದೆಯಲ್ಲ ವಕೀಲರೆ, ಏನು ಹೇಳ್ತೀರಿ?" ಅಂದರು. ಅದು ನನ್ನ ಕಕ್ಷಿದಾರ ನನ್ನ ಆಫೀಸಿನಲ್ಲಿ ನನ್ನ ಕಾಫಿ ಕುಡಿಯುತ್ತಾ ಬಾಯಿಬಿಟ್ಟದ್ದು!

ಜಾರಿಯ ದಿನ ಅವರು ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ನಮ್ಮ ಊರಿಗೆ ಬಂದಿಳಿದರು. ಅಲ್ಲಿಂದ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಎದುರು ಪಾರ್ಟಿಯಾದರೇನು, ಮಂಡಿ ಊದಿಸಿಕೊಂಡ ಹೆಂಗಸನ್ನು ಬಿಸಿಲಲ್ಲಿ ನಿಲ್ಲಿಸಲಾದೀತೇ? ದಾರಿಯುದ್ದಕ್ಕೂ ಕಡಲೆಕಾಯಿ ಸುಲಿದು ಕಾರೆಲ್ಲ ಸಿಪ್ಪೆ ಮಾಡಿದರು.

ಅಮೀನರು ಇಬ್ಬರು ಕೂಲಿಯವರನ್ನು ಕರೆತಂದಿದ್ದರು. ಅಕ್ಕ ಓಣಿ ಬಾಗಿಲಿಂದ ಕೋಣೆಯೊಳಗೆ ಹೋಗಿ ತಮ್ಮ ಸಾಮಾನು ಗೋಡೆಯಿಂದ ಆಚೆಗೆ ಸರಿಸುತ್ತಿದ್ದರು. ನಾವೆಲ್ಲ ತೊಟ್ಟಿಯಲ್ಲಿ. ತಮ್ಮ ಕೈಕಟ್ಟಿ ನಿಂತು, "ಒಡೆಸ್ಕಳಿ ಅಮೀನ್ರೆ, ನಾ ಮುಟ್ಟಕಿಲ್ಲ," ಅಂದ. ಕೂಲಿಯವನು ಹಾರೆ ಎತ್ತಿದ.

"ತಡ್ಯಪ್ಪ," ಅಂದರು ಇವರು. "ಮುಟ್ಟಕಿಲ್ಲ ಅಂತ ಬರ್ಕೊಡ್ಲಿ ಮೊದ್ಲು. ಡಿಕ್ರಿಲಿ ಅಂಗದೆ. 'ನನ್ನ ಅಕ್ಕನಿಗೆ ಬಾಗಿಲು ತೆಗೆಯಲು ನನಗೆ ಇಷ್ಟವಿಲ್ಲ' ಅಂತ ಬರ್ದು ಸೈನ್ ಆಕ್ಲಿ."

ಅಮೀನರು ಕಾಗದ ಮುಂದೆ ಮಾಡಿದರು. ನಮ್ಮವನು ಪೆನ್ನು ಹಿಡಿದ. 'ನನ್ನ' ಎಂದು ಬರೆದ. ಅಲ್ಲೇ ನಿಂತ. 'ವಾದಿಗೆ ಅಂತ ಬರಿಯಲಾ' ಎಂದು ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವುದರೊಳಗೆ ಇವರು ನನ್ನತ್ತ ಒಂದು ನೋಟ ಬಿಟ್ಟರು. ನಾನು ಸೂರು ನೋಡಿದೆ. ಅವರು ತೊಟ್ಟಿಯ ಜಗುಲಿಯ ಅಂಚಿಗೆ ಹೋಗಿ ಮಂಡಿ ನೀವಿಕೊಳ್ಳುತ್ತಾ ಕೂತರು, ಅವಸರವೇನಿಲ್ಲ ಎನ್ನುವ ಹಾಗೆ. ಗೋಡೆಯ ಆಚೆ ಭಾರದ ಮಂಚವನ್ನು ಒಬ್ಬರೇ ಎಳೆಯುವ ಸದ್ದು ಕೇಳುತ್ತಿತ್ತು, ನಡುನಡುವೆ ಕೆಮ್ಮು. ಅವರ ತಾಯಿಯ ಮಂಚ ಅದು. ಇವನು ಆ ಸದ್ದನ್ನೇ ಕೇಳುತ್ತಾ ನಿಂತಿದ್ದ. ಆಮೇಲೆ ಏನನ್ನಿಸಿತೋ, ಪೆನ್ನು ಬಿಸಾಕಿ, "ಎಲ್ಲಾ ಸೇರ್ಕಂಡು ನನ್ ಪ್ರಾಣ ತಿಂತೀರಾ," ಎಂದು ಕೂಲಿಯವನ ಕೈಯಿಂದ ಹಾರೆ ಕಿತ್ತುಕೊಂಡು ಗೋಡೆಗೆ ಬೀಸಿದ.

ಮೊದಲ ಏಟುಗಳೆಲ್ಲ ಸಿಟ್ಟಿನವು. ಎದೆಯ ಮಟ್ಟದಲ್ಲಿ ಒಂದು ಇಟ್ಟಿಗೆ ಆಚೆಗೆ ಬಿತ್ತು. ಆ ಕಿಂಡಿಯಲ್ಲಿ ಅಕ್ಕನ ಮುಖ ಕಂಡಿತು, ತಲೆಯೆಲ್ಲ ದೂಳು. ಇವನು ಹಾರೆ ಇಳಿಸಿದ.

"ಇಂದಕ್ ಸರ್ಕ. ಕಣ್ಗೆ ಬಿದ್ದಾದು."

ವರ್ಷಗಳ ಮೇಲೆ ಅವನು ಆಕೆಗೆ ಜಗಳವಲ್ಲದೆ ಆಡಿದ ಮೊದಲ ಮಾತು ಅದು. ಆಕೆ ಸರಿಯಲಿಲ್ಲ. ಸಡಿಲವಾದ ಇಟ್ಟಿಗೆಯನ್ನು ಒಳಗಿನಿಂದ ತಾವೇ ಎಳೆದುಕೊಂಡು ಪಕ್ಕಕ್ಕಿಟ್ಟರು. ಇವನು ಹಾರೆಯನ್ನು ಗೋಡೆಗೊರಗಿಸಿ ಕೈಯಲ್ಲೇ ಒಂದೊಂದಾಗಿ ಬಿಡಿಸತೊಡಗಿದ. ಈ ಕಡೆಯಿಂದ ಅವನು, ಆ ಕಡೆಯಿಂದ ಆಕೆ. ಕೂಲಿಯವರು ಬೀಡಿ ಹಚ್ಚಿಕೊಂಡು ಹೊರಗೆ ಹೋದರು. 'ಕೈಯಾರೆ' ಎಂಬ ಆ ಒಂದು ಪದ ನನ್ನ ಟೇಬಲ್ಲಿನ ಮೇಲೆ ಬರೆದಾಗ ನಾನು ನಕ್ಕಿದ್ದೆ. ಅವರು ಅಂದೇ ಈ ದಿನವನ್ನು ಕಂಡಿದ್ದರೇ? ತಿರುಗಿ ನೋಡಿದೆ. ಅವರು ಜಗುಲಿಯ ಮೇಲೆ ತಲೆ ತಗ್ಗಿಸಿ ಸೆರಗಿಗಂಟಿದ್ದ ಕಡಲೆ ಸಿಪ್ಪೆ ಕೊಡವಿಕೊಳ್ಳುತ್ತಿದ್ದರು.

ಒಬ್ಬರು ದಾಟುವಷ್ಟು ಜಾಗವಾಯಿತು. ಇಟ್ಟಿಗೆಯ ರಾಶಿಯ ಮೇಲೆ ಅಕ್ಕ ಕಾಲಿಡಲು ಹೋದರು. ತಮ್ಮ ಕೈ ಅಡ್ಡ ಹಿಡಿದ. ಅಯ್ಯೋ, ಮತ್ತೆ ಕೆಟ್ಟಿತಲ್ಲಪ್ಪ ಅಂದುಕೊಂಡೆ.

"ಇಟ್ಗೆ ಮ್ಯಾಲೆ ಕಾಲಿಕ್ಬ್ಯಾಡ ಕಣಕ್ಕ, ಜಾರ್ತದೆ," ಅಂದ ಅವನು. "ಸುತ್ಕಂಡು ಮುಂಬಾಗ್ಲಿಂದ ಬಾ."

ಅಮೀನರು ವರದಿ ಬರೆಯಲು ಕೂತರು. ಕೆಮ್ಮಿ, ಕಣ್ಣು ಉಜ್ಜಿ, ಏನಂತ ಬರೆಯಲಿ ಮೇಡಂ ಎಂದು ಕೇಳಿದರು.

"ಬಾಗ್ಲು ತೆಗ್ದಿದೆ ಅಂತ ಬರ್ಕಳಿ," ಅಂದರು ಅವರು, ಚಪ್ಪಲಿಗೆ ಕಾಲು ತಡಕುತ್ತಾ. "ಮಿಕ್ಕಿದ್ದು ರಾಜೀಲಿ ಇಲ್ಲ."